ಎಡಕ್ಕೇ ಎಳೆಯುವ ಪಟ: ಎರಡು ದಾರದ ಗಾಳಿಪಟ ಕೈಕೊಟ್ಟಾಗ

ಒಂದೇ ದಾರದ ಪಟ ಹಾರಿಸಿ ಬೆಳೆದವರಿಗೆ ದೋಷವೂ ಎರಡೇ, ಮದ್ದೂ ಎರಡೇ. ಗೋತಾ ಹೊಡೆದರೆ ಬಾಲಂಗೋಚಿ ಉದ್ದ ಮಾಡು, ಪಕ್ಕಕ್ಕೆ ವಾಲಿದರೆ ಸೂತ್ರ ಬಿಚ್ಚಿ ಮತ್ತೆ ಕಟ್ಟು. ಆಷಾಢದ ಗಾಳಿಗೆ ತಾರಸಿ ಮೇಲೆ ನಿಂತು ನಾನು ಕಲಿತದ್ದೂ ಅಷ್ಟೇ. ಆ ಅಭ್ಯಾಸವನ್ನೇ ಹಿಡಿದುಕೊಂಡು ಎರಡು ದಾರದ ಪಟಕ್ಕೆ ಬಂದೆ, ಮೊದಲ ಎರಡು ತಿಂಗಳು ಹಾಳು ಮಾಡಿಕೊಂಡೆ. ಈ ಪಟದಲ್ಲಿ ಒಂದೇ ಲಕ್ಷಣಕ್ಕೆ ಐದಾರು ಕಾರಣ ಇರುತ್ತವೆ. ‘ಎಡಕ್ಕೆ ಎಳೀತಿದೆ’ ಅನ್ನುವುದು ‘ಜ್ವರ ಬಂದಿದೆ’ ಅಂದ ಹಾಗೆ. ಯಾವ ಜ್ವರ ಅಂತ ನೋಡದೆ ಸೂತ್ರಕ್ಕೆ ಕೈಹಾಕಿದರೆ ಇದ್ದ ಕಾಯಿಲೆಯ ಜೊತೆ ಇನ್ನೊಂದು ಸೇರುತ್ತದೆ.

ಹೊಸಬರಿಗೆ ಎರಡು ಮಾತು. ಸ್ಪೋರ್ಟ್ ಕೈಟ್ ಅಂದರೆ ಸಾಮಾನ್ಯವಾಗಿ ತ್ರಿಕೋನದ ಪಟ, ಎಡ ರೆಕ್ಕೆಗೊಂದು ಬಲ ರೆಕ್ಕೆಗೊಂದು ದಾರ, ಎರಡು ಕೈಗೆ ಎರಡು ಪಟ್ಟಿ. ರೆಕ್ಕೆಯ ಕಡ್ಡಿಗಳಿಂದ ಹೊರಟು ಈ ದಾರಕ್ಕೆ ಸೇರುವ ಗಿಡ್ಡ ದಾರಗಳ ಕಟ್ಟೇ ಸೂತ್ರ, ಅದರ ಒಂದೊಂದು ಎಳೆ ಒಂದೊಂದು ಕಾಲು. ಎಡ ಎಳೆದರೆ ಎಡಕ್ಕೆ ಸುತ್ತುತ್ತದೆ, ಬಲ ಎಳೆದರೆ ಬಲಕ್ಕೆ, ಎರಡೂ ಸಮ ಹಿಡಿದರೆ ನೇರ ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯ ಗುರಿಕಾರರ ಅಭ್ಯಾಸಕ್ಕೆಂದು ಪಾಲ್ ಗಾರ್ಬರ್ ಎರಡು ದಾರದ ಪಟ ಮಾಡಿಕೊಟ್ಟಿದ್ದರು. ಅದು ಶತ್ರು ವಿಮಾನದ ಹಾಗೆ ಹೊರಳುತ್ತಿತ್ತು. 1972ರಲ್ಲಿ ಇಂಗ್ಲೆಂಡಿನ ಪೀಟರ್ ಪವೆಲ್ ತಂದ ಸ್ಟಂಟ್ ಪಟ ಇದನ್ನು ಜನರ ಆಟವಾಗಿಸಿತು. ನನ್ನ ಬಳಿ ಇರುವುದು ಕೊಂಡದ್ದೊಂದು, ಕೊಡೆ ಬಟ್ಟೆಯಲ್ಲಿ ನಾನೇ ಹೊಲಿದದ್ದೊಂದು. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಎರಡನೆಯದರ ಉಪಕಾರ, ಏಕೆಂದರೆ ಕೆಡಬಹುದಾದ್ದೆಲ್ಲ ಅದರಲ್ಲಿ ಕೆಟ್ಟಿದೆ.

ಪಟ ಬಿಡಿ, ಮೊದಲು ಗಾಳಿ ನೋಡಿ

ಜುಲೈ ತಿಂಗಳು, ಮೈಸೂರಿನ ಲಲಿತಮಹಲ್ ಪಕ್ಕದ ಹೆಲಿಪ್ಯಾಡ್ ಮೈದಾನ. ಗಾಳಿ ಬಲವಾಗಿಯೇ ಇತ್ತು. ಪಟ ಸರ್ರನೆ ಏಳುತ್ತಿತ್ತು, ತಲೆಯ ಮೇಲೆ ಬರುವಷ್ಟರಲ್ಲಿ ಯಾರೋ ದಾರ ಕತ್ತರಿಸಿದ ಹಾಗೆ ಸಡಿಲವಾಗಿ ಬೀಳುತ್ತಿತ್ತು. ಮರುಕ್ಷಣ ಒಂದು ರಭಸ ಬಂದು ಕೈ ಕಿತ್ತುಕೊಂಡು ಹೋಗುವಂತೆ ಎಳೆಯುತ್ತಿತ್ತು. ಸೂತ್ರ ಮೇಲೆ ಮಾಡಿದೆ, ಕೆಳಗೆ ಮಾಡಿದೆ, ಅಡ್ಡಕಡ್ಡಿ ಬದಲಾಯಿಸಿದೆ. ಮೂರು ಭಾನುವಾರ ಹೀಗೇ ಹೋಯಿತು. ನಾಲ್ಕನೆಯ ವಾರ ಅದೇ ಪಟವನ್ನು ಹಾಗೇ ಮಡಿಚಿಕೊಂಡು ಕೆಆರ್‌ಎಸ್ ಹಿನ್ನೀರಿಗೆ ಹೋದೆ. ಬೆಣ್ಣೆಯಲ್ಲಿ ಚಾಕು ಆಡಿದಂತೆ ಹಾರಿತು.

ಭೂಪಟ ತೆಗೆದು ನೋಡಿದಾಗ ನಗು ಬಂತು. ಮಳೆಗಾಲದ ಗಾಳಿ ನಮ್ಮಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಲಲಿತಮಹಲಿಗೆ ನೈಋತ್ಯದಲ್ಲಿ ಏನಿದೆ? ಸಾಕ್ಷಾತ್ ಚಾಮುಂಡಿ ಬೆಟ್ಟ, ಊರಿಗಿಂತ ಸುಮಾರು 300 ಮೀಟರ್ ಎತ್ತರ. ಗಾಳಿಗೆ ಅಡ್ಡ ನಿಂತ ಮರ, ಕಟ್ಟಡ, ಗುಡ್ಡ ಯಾವುದೇ ಇರಲಿ, ಅದರ ಎತ್ತರದ ಏಳರಿಂದ ಹತ್ತು ಪಟ್ಟು ದೂರದವರೆಗೆ ಹಿಂದಿನ ಗಾಳಿ ಕಲಕಿರುತ್ತದೆ ಅನ್ನುವುದು ಪಟ ಹಾರಿಸುವವರ ಅಂದಾಜು. ಹತ್ತು ಮೀಟರ್ ಎತ್ತರದ ಮರಸಾಲಾದರೆ ನೂರು ಮೀಟರ್ ಬಿಟ್ಟು ನಿಂತರೆ ಸಾಕು. ಬೆಟ್ಟಕ್ಕೆ ಆ ಲೆಕ್ಕ ಹಾಕಿದರೆ ಮೂರು ಕಿಲೋಮೀಟರ್ ಆಯಿತು, ಮೈದಾನ ಹೆಚ್ಚುಕಡಿಮೆ ಅದರ ಅಂಚಿಗೇ ಬರುತ್ತದೆ. ಗಾಳಿ ನೇರ ಪಶ್ಚಿಮದಿಂದ ಬೀಸಿದ ದಿನ ಅದೇ ಜಾಗ ಪರವಾಗಿಲ್ಲ. ಆದ್ದರಿಂದ ಮೈದಾನಕ್ಕೆ ಹೋದ ತಕ್ಷಣ ಪಟ ಬಿಚ್ಚಬೇಡಿ. ಗಾಳಿಗೆ ಮುಖ ಕೊಟ್ಟು ನಿಂತು, ಅದು ಯಾವುದನ್ನು ದಾಟಿಕೊಂಡು ಬರುತ್ತಿದೆ ಅಂತ ನೋಡಿ. ಮಂಡ್ಯದ ಕಡೆ ಗದ್ದೆ ಬಯಲು ಅಂದುಕೊಂಡು ಹೋದರೆ ಆಳೆತ್ತರ ದಾಟಿದ ಕಬ್ಬು ಇರುತ್ತದೆ, ಅದೂ ಗಾಳಿ ಕೆಡಿಸುತ್ತದೆ. ಕಟಾವಾದ ಮೇಲೆ ಅದೇ ಜಾಗ ಸೊಗಸು. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಡೆಯ ದಂಡೆಗೆ ನೈಋತ್ಯದ ಗಾಳಿ ನೀರಿನ ಮೇಲಿಂದ ಬರುತ್ತದೆ, ಅಡ್ಡಿ ಆತಂಕ ಇಲ್ಲ. ಅಣೆಕಟ್ಟು ತುಂಬಿದಾಗ ನಿಲ್ಲಲು ಜಾಗ ಕಮ್ಮಿ ಅನ್ನುವುದೊಂದೇ ತಕರಾರು.

ಗಾಳಿ ಎಷ್ಟಿದೆ? ಅರಳಿ ಎಲೆಯನ್ನು ನಂಬಬೇಡಿ, ಅದು ಯಾರೋ ಉಸಿರು ಬಿಟ್ಟರೂ ಆಡುತ್ತದೆ. ಮಾವು, ಹೊಂಗೆಯ ಎಲೆ ಸಣ್ಣ ಕೊಂಬೆ ಸಮೇತ ಬಿಡದೆ ಆಡುತ್ತಿದ್ದರೆ ಗಂಟೆಗೆ 12ರಿಂದ 19 ಕಿಲೋಮೀಟರ್, ಕಲಿಯುವವರಿಗೆ ಹದವಾದ ಗಾಳಿ. ಎಲೆ ಸುಮ್ಮನೆ ಪಿಸುಗುಟ್ಟುತ್ತಿದ್ದರೆ ಅದಕ್ಕಿಂತ ಕಡಿಮೆ, ಆಗ ಸಾಧಾರಣ ಪಟ ಏಳದಿದ್ದರೆ ಅದು ದೋಷವಲ್ಲ. ಧೂಳು, ಕಾಗದ ಹಾರಲು ಶುರುವಾದರೆ 20 ದಾಟಿತು. ಗಾಳಿ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ ಅನ್ನುವುದು ನೆನಪಿರಲಿ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟಿ, ಗಾಳಿ ದಿಢೀರನೆ ದಿಕ್ಕು ಬದಲಿಸಿದರೆ ಪಟ ಇಳಿಸಿ ಮನೆಗೆ ಹೋಗಿ. ಕಾರ್ಬನ್ ಕಡ್ಡಿಯಲ್ಲಿ ವಿದ್ಯುತ್ ಹರಿಯುತ್ತದೆ, ಸಿಡಿಲಿಗೂ ಕರೆಂಟ್ ತಂತಿಗೂ ಅದು ಆಹ್ವಾನ ಪತ್ರಿಕೆ. ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಮುತ್ತ ಬೇಡವೇ ಬೇಡ. 1934ರ ವಿಮಾನ ಕಾಯ್ದೆಯ ವ್ಯಾಖ್ಯಾನದಲ್ಲಿ ಗಾಳಿಪಟವನ್ನೂ ‘ವಿಮಾನ’ದ ಪಟ್ಟಿಗೇ ಸೇರಿಸಿದ್ದರು. ನಮ್ಮ ಕೊಡೆ ಬಟ್ಟೆಗೂ ಒಂದು ಗೌರವ.

ಏಳುವುದೇ ಇಲ್ಲ

ಗಾಳಿ ಸರಿ ಇದೆ, ಜಾಗ ಸರಿ ಇದೆ, ಆದರೂ ಎರಡು ಹೆಜ್ಜೆ ಹಿಂದೆ ಹಾಕಿ ಎಳೆದರೆ ಪಟ ಆಳೆತ್ತರ ಏಳುವಷ್ಟರಲ್ಲಿ ಒಂದು ಕಡೆ ಮಗುಚುತ್ತದೆ. ಪಟದ ಹತ್ತಿರ ನಡೆದು ಹೋಗಿ ನೋಡಿ. ಸೂತ್ರದ ಒಂದು ಕಾಲು ರೆಕ್ಕೆಯ ತುದಿಗೋ, ಬಟ್ಟೆಯನ್ನು ಹಿಂದಿನಿಂದ ಊರಿ ಹಿಡಿಯುವ ಸ್ಟ್ಯಾಂಡ್‌ಆಫ್ ಅನ್ನುವ ಗಿಡ್ಡ ಕಡ್ಡಿಗೋ ಸಿಕ್ಕಿಕೊಂಡಿರುತ್ತದೆ. ಸಿಕ್ಕಿಲ್ಲವಾದರೆ ಅಡ್ಡಕಡ್ಡಿ, ಕಡ್ಡಿಗಳನ್ನು ಜೋಡಿಸುವ ಕೂಡುಗೆಯೊಳಗೆ ಪೂರ್ತಿ ಕೂತಿರುವುದಿಲ್ಲ. ಇವೆರಡೂ ಇಲ್ಲವಾದರೆ ನೀವು ಪಟಕ್ಕೆ ನೇರ ಎದುರು ನಿಂತಿಲ್ಲ. ಗಾಳಿ ನಿಮ್ಮ ಬೆನ್ನಿಗೆ ಸರಿಯಾಗಿ ಬೀಳಬೇಕು, ಪಟ ನಿಮ್ಮ ಮೂಗಿನ ನೇರಕ್ಕೆ ಇರಬೇಕು. ಒಂದೆರಡು ಮೀಟರ್ ಪಕ್ಕಕ್ಕೆ ಸರಿದರೂ ಒಂದು ರೆಕ್ಕೆಗೆ ಮೊದಲು ಗಾಳಿ ಸಿಕ್ಕುತ್ತದೆ.

ಏಳುವಾಗ ಕೈಯನ್ನು ತಲೆಯ ಮೇಲೆ ಎತ್ತುವ ಚಟ ಒಂದೇ ದಾರದ ಪಟದಿಂದ ಬಂದದ್ದು. ಇಲ್ಲಿ ಕೈ ಹೊಕ್ಕಳ ಮಟ್ಟದಲ್ಲಿ, ಮೊಣಕೈ ಪಕ್ಕೆಗೆ ಅಂಟಿಕೊಂಡಿರಬೇಕು. ಇನ್ನೊಂದು ಚಟ ಸ್ಟೀರಿಂಗ್ ತಿರುಗಿಸಿದಂತೆ ಕೈ ತಿರುಗಿಸುವುದು. ಬಸ್ ಓಡಿಸುವವರ ಹಾಗೆ ನನ್ನ ಭಾವಮೈದ ಒಂದು ಗಂಟೆ ತಿರುಗಿಸಿದ, ಪಟಕ್ಕೆ ಅದು ಅರ್ಥವೇ ಆಗಲಿಲ್ಲ. ಎಳೆಯುವುದು, ಬಿಡುವುದು, ಇವೆರಡೇ ಭಾಷೆ ಅದಕ್ಕೆ ಗೊತ್ತು. ಪಟ ಮೂಗು ಕೆಳಗೆ ಮಾಡಿ ನೆಲಕ್ಕೆ ಬರುತ್ತಿದ್ದರೆ ಗಾಬರಿಯಲ್ಲಿ ಎರಡೂ ಕೈ ಎಳೆಯುತ್ತೇವೆ, ಅದು ಇನ್ನೂ ವೇಗವಾಗಿ ಬಂದು ಕುಟ್ಟುತ್ತದೆ. ಆಗ ಮಾಡಬೇಕಾದ್ದು ಪಟದ ಕಡೆಗೇ ಓಡುವುದು, ಕೈ ಮುಂದೆ ಚಾಚುವುದು. ದಾರ ಸಡಿಲವಾದರೆ ಬಟ್ಟೆಯ ಬಲ ಹೋಗುತ್ತದೆ, ಪಟ ಕಾಗದದ ಹಾಗೆ ಮೆತ್ತಗೆ ಬೀಳುತ್ತದೆ. ಮೊದಲ ದಿನ ಬೇರೇನೂ ಕಲಿಯದಿದ್ದರೂ ಇದೊಂದನ್ನು ಕಲಿಯಿರಿ, ಒಂದು ಕಡ್ಡಿಯ ದುಡ್ಡು ಉಳಿಯುತ್ತದೆ.

ಎಡಕ್ಕೇ ಎಳೆಯುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ.

ಹಿನ್ನೀರಿನ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಗೌಡರು ಅರ್ಧ ಗಂಟೆ ನನ್ನ ಒದ್ದಾಟ ನೋಡಿ ಹತ್ತಿರ ಬಂದರು. “ಇದೇನ್ ಸ್ವಾಮಿ, ಪಟಕ್ಕೂ ಎರಡು ಹಗ್ಗ? ಗಾಡಿ ಹೊಡ್ದಂಗೆ ಹೊಡೀತಾ ಇದೀರಿ?”

“ಹೌದು ಗೌಡ್ರೇ. ನೇರ ಹೋಗು ಅಂದ್ರೆ ಎಡಕ್ಕೇ ಹೋಗುತ್ತೆ.”

“ಎಡದ ಹಗ್ಗ ಗಿಡ್ಡ ಐತೆ, ನೋಡ್ಕಳಿ. ಎತ್ತು ಹಂಗೇ ಮಾಡೋದು.”

ಎರಡೂ ದಾರದ ಪಟದ ಕಡೆಯ ತುದಿಯನ್ನು ನೆಲಕ್ಕೆ ಚುಚ್ಚಿದ ಒಂದೇ ಸ್ಕ್ರೂಡ್ರೈವರಿಗೆ ಸಿಕ್ಕಿಸಿ, ಇನ್ನೊಂದು ತುದಿ ಜೋಡಿಸಿ ಎಳೆದು ನೋಡಿದೆ. ಎಡದ್ದು ಮೂರು ಬೆರಳು ಗಿಡ್ಡ! ಬಲದ ದಾರದ ತುದಿಯ ಗಂಟು ಜಾರಿ ಉದ್ದವಾಗಿತ್ತು. ಸರಿಮಾಡಿದೆ, ಪಟ ನೇರವಾಯಿತು. ಗೌಡರು ಬೀಡಿ ಹಚ್ಚಿಕೊಂಡು ಎಮ್ಮೆ ಕಡೆ ಹೋದರು.

ತಪ್ಪು ಆದದ್ದು ಅದಾದ ಒಂದು ತಿಂಗಳ ಮೇಲೆ. ಮತ್ತೆ ಅದೇ ಲಕ್ಷಣ, ಎಡಕ್ಕೆ. ಈ ಸಲ ಅಳೆಯಲೂ ಇಲ್ಲ. ಗೌಡರ ಮಾತು ವೇದವಾಕ್ಯ ಅಂದುಕೊಂಡು ಎಡದ ದಾರವನ್ನು ಎರಡು ಸೆಂಟಿಮೀಟರ್ ಉದ್ದ ಮಾಡಿದೆ. ಪಟ ನೇರವಾಯಿತು ಕೂಡ. ಆದರೆ ಗಾಳಿ ಸ್ವಲ್ಪ ಏರಿದರೆ ಮತ್ತೆ ಎಡಕ್ಕೆ, ಇಳಿದರೆ ಬಲಕ್ಕೆ. ಬಲಕ್ಕೆ ಸುತ್ತು ಹಾಕಿದರೆ ದೊಡ್ಡ ವೃತ್ತ, ಎಡಕ್ಕೆ ಹಾಕಿದರೆ ಚಿಕ್ಕದು. ಅಸಲಿಗೆ ಎಡಸೂತ್ರದ ಗಂಟು ಒಂದು ಸೆಂಟಿಮೀಟರ್ ಜಾರಿತ್ತು. ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿ ನಾನು ಹದಿನೈದು ದಿನ ತೇಪೆ ಹಾಕುತ್ತಾ ಕೂತೆ.

ಈಗ ನಾನು ಮಾಡುವುದು ಅದಲುಬದಲು ಪರೀಕ್ಷೆ. ಏನನ್ನೂ ಸರಿಮಾಡದೆ, ಪಟದ ತುದಿಯಲ್ಲಿ ಎಡದ ದಾರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಕೈಪಟ್ಟಿಯನ್ನೂ ಹಾಗೇ ಕೈ ಬದಲಾಯಿಸಿ. ಹಾರಿಸಿ. ಎಡಕ್ಕೆ ಎಳೆಯುತ್ತಿದ್ದದ್ದು ಈಗ ಬಲಕ್ಕೆ ಎಳೆದರೆ ದೋಷ ದಾರದಲ್ಲಿದೆ, ಅಳೆದು ಸರಿಮಾಡಿ. ಈಗಲೂ ಎಡಕ್ಕೇ ಎಳೆದರೆ ದಾರ ನಿರಪರಾಧಿ, ದೋಷ ಪಟದಲ್ಲಿದೆ ಅಥವಾ ನಿಮ್ಮಲ್ಲಿದೆ. ನಿಮ್ಮಲ್ಲಿದೆಯೇ ಅಂತ ನೋಡಲು ಎರಡೂ ಪಟ್ಟಿಯನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ಹೊಕ್ಕಳಿಗೆ ಒತ್ತಿಕೊಂಡು ಪಟವನ್ನು ನೇರ ಮೇಲಕ್ಕೆ ಬಿಡಿ. ಬಲಗೈ ರೂಢಿಯವರು ತಮಗೇ ಗೊತ್ತಿಲ್ಲದೆ ಒಂದು ಕೈ ಹಿಂದೆ ಎಳೆದಿರುತ್ತಾರೆ, ಮುಷ್ಟಿ ಒಂದಾದರೆ ಆ ಕಳ್ಳಾಟ ನಡೆಯುವುದಿಲ್ಲ. ಆಗಲೂ ಎಡಕ್ಕೆ ಹೋದರೆ ಪಟವನ್ನು ಮಡಿಲಿಗೆ ತೆಗೆದುಕೊಳ್ಳಿ.

ಇಲ್ಲಿ ಇನ್ನೊಂದು ಕವಲು ಇದೆ. ನನಗೆ ತುಂಬ ತಡವಾಗಿ ಹೊಳೆದದ್ದು. ಮೆಲುಗಾಳಿಯಲ್ಲೂ ಬಿರುಗಾಳಿಯಲ್ಲೂ ಒಂದೇ ಪ್ರಮಾಣದಲ್ಲಿ ಎಳೆಯುತ್ತಿದ್ದರೆ ಮೊದಲು ಅಳತೆಯ ದೋಷ ಹುಡುಕಿ: ಸೂತ್ರದ ಕಾಲುಗಳು, ಸ್ಟ್ಯಾಂಡ್‌ಆಫ್ ಸರಿದಿರುವುದು, ಅಡ್ಡಕಡ್ಡಿಯ ಉದ್ದ. ಪಟವನ್ನು ನಡುವಿಗೆ ಸರಿಯಾಗಿ ಮಡಿಚಿ ಎರಡು ರೆಕ್ಕೆ ಒಂದರ ಮೇಲೊಂದು ಇಟ್ಟರೆ ಸೂತ್ರದ ಗಂಟುಗಳು ಎದುರುಬದುರು ಬರಬೇಕು. ಅಳತೆಪಟ್ಟಿಗಿಂತ ಇದು ನಿಖರ. ಆದರೆ ಗಾಳಿ ಏರಿದಷ್ಟೂ ಎಳೆತ ಜಾಸ್ತಿಯಾದರೆ ಅದು ಬಗ್ಗುವ, ಹಿಗ್ಗುವ ವಸ್ತುವಿನ ದೋಷ, ಅಂದರೆ ಕಡ್ಡಿ ಅಥವಾ ಬಟ್ಟೆ.

ಕಡ್ಡಿ: ಬಿದಿರಿನಲ್ಲಿ ಮಾಡಿದವರು ಇದರಲ್ಲಿ ಸಿಕ್ಕಿಬೀಳುತ್ತಾರೆ, ನಾನೂ ಬಿದ್ದೆ. ಎರಡು ರೆಕ್ಕೆಯ ಕಡ್ಡಿ ಒಂದೇ ದಪ್ಪ ಇದ್ದರೂ ಒಂದೇ ಥರ ಬಗ್ಗುವುದಿಲ್ಲ. ಒಂದೇ ಬಿದಿರಿನ ಒಂದೇ ಸೀಳಿನಿಂದ, ಗೆಣ್ಣು ಎರಡರಲ್ಲೂ ಒಂದೇ ಜಾಗಕ್ಕೆ ಬರುವಂತೆ ತೆಗೆಯಬೇಕು. ಪರೀಕ್ಷೆ ಸುಲಭ. ಕಡ್ಡಿಯ ಒಂದು ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಇನ್ನೊಂದು ತುದಿಗೆ ಅರ್ಧ ಕೆಜಿಯ ತೂಕದ ಬಟ್ಟು ತೂಗುಹಾಕಿ, ಎಷ್ಟು ಇಳಿಯಿತು ಅಂತ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಎರಡನೆಯ ಕಡ್ಡಿಯೂ ಅದೇ ಗೆರೆಗೆ ಬರಬೇಕು. ಬರದಿದ್ದರೆ ಗಟ್ಟಿ ಇರುವುದನ್ನು ಗಾಜಿನ ಚೂರಿನಿಂದ ಹೆರೆದು ದಾರಿಗೆ ತನ್ನಿ. ಕಾರ್ಬನ್ ಕೊಳವೆಗೂ ಅದೇ ಪರೀಕ್ಷೆ, ಆದರೆ ಅದನ್ನು ಹೆರೆಯುವ ಹಾಗಿಲ್ಲ. ಅದನ್ನು ಮೆಲ್ಲಗೆ ಬಗ್ಗಿಸಿ ಬೆರಳಲ್ಲಿ ಉರುಳಿಸಿ. ಟಿಕ್ ಅಂತ ಸದ್ದು ಬಂದರೆ ಒಳಗೆ ಸೀಳು ಬಿಟ್ಟಿದೆ, ಬದಲಾಯಿಸಿ. ಕತ್ತರಿಸುವಾಗ ಟೇಪ್ ಸುತ್ತಿ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಪುಡಿ ಒಳ್ಳೆಯದಲ್ಲ, ಅದರ ಸಿಬಿರು ಕೈಗೆ ಚುಚ್ಚಿದರೆ ಬೇಗ ಸಿಗುವುದೂ ಇಲ್ಲ.

ಬಟ್ಟೆ: ಅಂಗಡಿಯ ಪಟಗಳಿಗೆ ಬಳಸುವುದು ರಿಪ್‌ಸ್ಟಾಪ್, ಚೌಕಳಿ ನೂಲು ಇರುವ ಹಿಗ್ಗದ ಬಟ್ಟೆ. ನಾನು ಬಳಸಿದ್ದು ಕೊಡೆ ಬಟ್ಟೆ. ಅದು ಉದ್ದಕ್ಕೆ, ಅಡ್ಡಕ್ಕೆ ಹಿಗ್ಗುವುದಿಲ್ಲ, ಓರೆಯಾಗಿ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. ಎರಡು ರೆಕ್ಕೆಯನ್ನೂ ಬಟ್ಟೆ ಉಳಿಸುವ ಆಸೆಗೆ ಒಂದರ ಪಕ್ಕ ಒಂದು ಹೊಂದಿಸಿ ಕತ್ತರಿಸಿದ್ದೆ. ಆಗ ಒಂದು ರೆಕ್ಕೆಯ ಹಿಂದಿನ ಅಂಚು ನೂಲಿನ ನೇರಕ್ಕೆ ಬಂತು, ಇನ್ನೊಂದರದ್ದು ಓರೆಗೆ. ಬಲವಾದ ಗಾಳಿಯಲ್ಲಿ ಓರೆಯದ್ದು ಜೋಳಿಗೆಯಂತೆ ಉಬ್ಬುತ್ತಿತ್ತು. ನಮ್ಮ ಬೀದಿಯ ಟೈಲರ್ ನೋಡಿದ ತಕ್ಷಣ ಹೇಳಿದರು: “ಅಣ್ಣ, ರವಿಕೆಗಾದ್ರೂ ಎರಡು ತೋಳು ಹಿಂಗೆ ಕತ್ತರಿಸಲ್ಲ.” ಬಟ್ಟೆಯನ್ನು ಮಡಿಚಿ, ಕನ್ನಡಿಯಲ್ಲಿ ಕಂಡ ಹಾಗೆ ಎರಡೂ ಒಟ್ಟಿಗೆ ಕತ್ತರಿಸಬೇಕಂತೆ. ಇದಕ್ಕೆ ರಿಪೇರಿ ಇಲ್ಲ. ಹೊಸ ರೆಕ್ಕೆ ಹೊಲಿದೆ.

ದಾರದ ಕತೆ

ಇಲ್ಲಿ ಮಾಂಜಾ, ನೈಲಾನ್ ಏನೂ ನಡೆಯದು. ನೈಲಾನ್ ರಬ್ಬರಿನ ಹಾಗೆ ಹಿಗ್ಗುತ್ತದೆ, ನೀವು ಎಳೆದದ್ದು ಪಟಕ್ಕೆ ತಲುಪುವಷ್ಟರಲ್ಲಿ ಪಟ ನೆಲದಲ್ಲಿರುತ್ತದೆ. (ಗಾಜಿನ ಪುಡಿಯ, ಪ್ಲಾಸ್ಟಿಕ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ.) ಬೇಕಾದ್ದು ಡೈನೀಮಾ ಅಥವಾ ಸ್ಪೆಕ್ಟ್ರಾ ಅನ್ನುವ ಹೆಣೆದ ದಾರ. ಹಿಗ್ಗುವುದಿಲ್ಲ, ಒಂದರ ಮೇಲೊಂದು ಎಣ್ಣೆ ಸವರಿದಂತೆ ಜಾರುತ್ತದೆ. ಹಾಗಾಗಿ ನಾಲ್ಕೈದು ಸುತ್ತು ಹೊಸೆದುಕೊಂಡರೂ ಪಟ ಮಾತು ಕೇಳುತ್ತದೆ. ಸಾಧಾರಣ ಪಟಕ್ಕೆ 90 ಪೌಂಡ್, ಅಂದರೆ ಸುಮಾರು 40 ಕೆಜಿ ತಾಳುವುದು ಸಾಕು. ಜೋರು ಗಾಳಿಗೆ 150 ಪೌಂಡ್. ಉದ್ದ 25 ಮೀಟರ್ ಇದ್ದರೆ ಕಲಿಯಲು ಚೆನ್ನ. ಇದು ಸಿಗದಿದ್ದಾಗ ಮೀನು ಹಿಡಿಯುವವರ ಬ್ರೇಡ್ ದಾರ ಬಳಸಿದ್ದೇನೆ, ಕೆಲಸ ಆಗುತ್ತದೆ.

ಆದರೆ ಈ ದಾರಕ್ಕೆ ಎರಡು ದೌರ್ಬಲ್ಯ. ನೇರವಾಗಿ ಗಂಟು ಹಾಕಿದರೆ ಅದು ತನ್ನನ್ನು ತಾನೇ ಕೊಯ್ದುಕೊಳ್ಳುತ್ತದೆ, ಶಕ್ತಿ ಅರ್ಧದಷ್ಟು ಇಳಿಯಬಹುದು. ಅದಕ್ಕೇ ತುದಿಗೆ ಟೊಳ್ಳು ಹೆಣಿಗೆಯ ಪಾಲಿಯೆಸ್ಟರ್ ದಾರದ ತೋಳು ತೊಡಿಸಿ, ತೋಳಿನ ಸಮೇತ ಗಂಟು ಹಾಕಬೇಕು. ಕಿಟಕಿ ಬ್ಲೈಂಡ್ಸಿನ ದಾರದ ಒಳ ಎಳೆ ಕಿತ್ತರೆ ಸಿಗುವ ಹೊರ ಕವಚ ನನಗೆ ಸರಿಹೋಯಿತು. ಮಡಿಚಿದ ತೆಳು ತಂತಿಯನ್ನು ಸೂಜಿ ಮಾಡಿಕೊಂಡು ಒಂದು ಗೇಣುದ್ದ ಒಳಗೆ ಎಳೆದುಕೊಳ್ಳಿ. ಎರಡನೆಯದು ಬಿಸಿ. 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುವ ವಸ್ತು ಇದು. ಬೇರೆ ಯಾರದೋ ನೂಲಿನ ಪಟ ಅಡ್ಡ ಬಂದು ಉಜ್ಜಿದರೆ ಎರಡರಲ್ಲಿ ಒಂದು ಹೋಯಿತು ಅಂತಲೇ ಲೆಕ್ಕ. ಸಂಕ್ರಾಂತಿಯ ಹೊತ್ತು, ಮಕ್ಕಳು ಪಟ ಹಾರಿಸುವ ಮೈದಾನಕ್ಕೆ ನಾನು ಹೋಗುವುದೇ ಇಲ್ಲ. ಬಿಗಿದ ಡೈನೀಮಾ ಚರ್ಮವನ್ನೂ ಕೊಯ್ಯುತ್ತದೆ. ಯಾರಾದರೂ ದಾರದ ಕೆಳಗೆ ಓಡಿ ಬಂದರೆ ಪಟ ಬಿದ್ದರೂ ಸರಿ, ಕೈಪಟ್ಟಿ ಬಿಟ್ಟುಬಿಡಿ.

ಹೊಸ ದಾರ ಮೊದಲ ಕೆಲವು ದಿನ ಗಂಟಿನ ಹತ್ತಿರ ಬಿಗಿದುಕೊಂಡು ಉದ್ದ ಬದಲಾಗುತ್ತದೆ. ಮನೆಯ ಗೇಟಿಗೋ ತೆಂಗಿನ ಮರಕ್ಕೋ ಕಟ್ಟಿ, ಎರಡೂ ಜೊತೆಗೆ ಹಿಡಿದು, ಮೈಭಾರ ಬಿಟ್ಟು ನಾಲ್ಕೈದು ಸಲ ಎಳೆಯಿರಿ. ಆಮೇಲೆ ಸಮ ಮಾಡಿ. ಮೊದಲು ಸಮ ಮಾಡಿ ಆಮೇಲೆ ಎಳೆದರೆ ಆ ಕೆಲಸ ಎರಡು ಸಲ.

ಒಂದು ಲಕ್ಷಣ ದಾರದ್ದು ಅಂತ ಯಾರಿಗೂ ಹೊಳೆಯುವುದಿಲ್ಲ. ಬೆಳಿಗ್ಗೆ ಚೆನ್ನಾಗಿ ಹಾರಿದ ಪಟ ಮಧ್ಯಾಹ್ನ ಮೊದ್ದಾಗುತ್ತದೆ, ಎಳೆದರೆ ತಡವಾಗಿ ತಿರುಗುತ್ತದೆ, ಎರಡು ಗಿರಕಿ ಹೊಡೆದರೆ ದಾರ ಕಚ್ಚಿಕೊಂಡು ನಿಯಂತ್ರಣವೇ ತಪ್ಪುತ್ತದೆ. ಕೆಮ್ಮಣ್ಣಿನ ಧೂಳು ಕಾರಣ. ದಾರದ ಹೆಣಿಗೆಯೊಳಗೆ ಸೇರಿಕೊಂಡು ಜಾರಿಕೆಯನ್ನೇ ತಿನ್ನುತ್ತದೆ. ಒದ್ದೆ ಬಟ್ಟೆಯನ್ನು ಚಿವುಟಿ ಹಿಡಿದು ದಾರವನ್ನು ಅದರೊಳಗಿಂದ ಎಳೆಯಿರಿ, ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ರೋಗ ಸಿಕ್ಕಿತು. ಕಬ್ಬಿನ ತರಗು, ಉತ್ತರಾಣಿ ಕಾಳು ಸಿಕ್ಕಿಕೊಂಡರೂ ಇದೇ ಲಕ್ಷಣ. ಎಡಕ್ಕೆ ಎರಡು ಸುತ್ತು ಹಾಕಿದ್ದರೆ ಬಲಕ್ಕೆ ಎರಡು ಹಾಕಿ ಬಿಚ್ಚುವ ಅಭ್ಯಾಸವನ್ನೂ ಮೊದಲ ದಿನದಿಂದಲೇ ಮಾಡಿಕೊಳ್ಳಿ. ಸುತ್ತಿಡುವಾಗ ಹಲಗೆಗೆ ಎಂಟರ ಆಕಾರದಲ್ಲಿ ಸುತ್ತಿ. ಒಂದೇ ಕಡೆಗೆ ಸುತ್ತಿದರೆ ಹೊಸೆತ ದಾರದಲ್ಲೇ ಉಳಿಯುತ್ತದೆ.

ಭರ್ರೋ ಸದ್ದು, ನಡುಕ

ಹಿಂದಿನ ಅಂಚು ಭರ್ರನೆ ಬಡಿದುಕೊಳ್ಳುವುದು ದೋಷವಲ್ಲ, ಎಷ್ಟೋ ಜನರಿಗೆ ಅದೇ ಇಷ್ಟ. ಬೇಡವಾದರೆ ಪೈಜಾಮದ ಲಾಡಿಯಂತೆ ಆ ಅಂಚಿನೊಳಗೆ ಓಡುವ ದಾರವನ್ನು ಸ್ವಲ್ಪ ಬಿಗಿ ಮಾಡಿ. ಎರಡೂ ಕಡೆ ಒಂದೇ ಅಷ್ಟು. ಜಾಸ್ತಿ ಬಿಗಿದರೆ ಅಂಚು ಒಳಕ್ಕೆ ಸುರುಳಿಯಾಗಿ ಪಟ ನಿಧಾನವಾಗುತ್ತದೆ.

ನೇರ ಹಾರುವಾಗ ಮೂಗು ಎಡಬಲ ಅಲ್ಲಾಡುತ್ತಿದ್ದರೆ ಕೂಡುಗೆ ಸಡಿಲ. ಅಂಗಡಿಯ ಕೂಡುಗೆ ಒಡೆದಾಗ ನಾನು ಗಾರೆ ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪಿನ ತುಂಡು ಹಾಕುತ್ತೇನೆ. ಅಡ್ಡಕಡ್ಡಿ ತೂರುವಂತೆ ಕಾದ ಮೊಳೆಯಲ್ಲಿ ತೂತು ಮಾಡಿದರೆ ಆಯಿತು. ಬಿಸಿಲಿಗೆ ಒಂದು ವರ್ಷದಲ್ಲಿ ಗಡಸಾಗಿ ಬಿರುಕು ಬಿಡುತ್ತದೆ, ಹತ್ತು ರೂಪಾಯಿ ಕೊಟ್ಟರೆ ಮತ್ತೆ ಸಿಗುತ್ತದೆ. ಡ್ರಿಪ್ ಪೈಪ್ ಕೂಡ ಪ್ರಯತ್ನಿಸಿದೆ, ತುಂಬ ಗಡಸು. ಸೋನೆ ಮಳೆಯಲ್ಲಿ ಹಾರಿಸಿದ ದಿನ ಕೊಡೆ ಬಟ್ಟೆ ನೀರು ಹಿಡಿದು ಭಾರವಾಗಿ ಇಂಥದ್ದೇ ನಡುಕ ಬರುತ್ತದೆ. ಅದು ಒಣಗಿದರೆ ಹೋಗುತ್ತದೆ, ಏನನ್ನೂ ಬಿಚ್ಚಬೇಡಿ.

ಸೂತ್ರ, ಕಟ್ಟಕಡೆಗೆ

ಮೇಲಿನದ್ದೆಲ್ಲ ಸರಿಯಾದ ಮೇಲೆ ಸೂತ್ರ ಮುಟ್ಟಬಹುದು. ಮುಟ್ಟುವ ಮೊದಲು ಈಗ ಗಂಟು ಇರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ. ಈ ಗುರುತು ಹಾಕದ್ದಕ್ಕೆ ನಾನು ಒಂದು ಇಡೀ ಸಂಜೆ ಮೂಲ ಜಾಗ ಹುಡುಕುತ್ತಾ ಕಳೆದಿದ್ದೇನೆ.

ದಾರ ಸೇರುವ ಗಂಟನ್ನು ಮೂಗಿನ ಕಡೆಗೆ ಸರಿಸಿದರೆ ಪಟ ಮುಂದಕ್ಕೆ ಬಾಗುತ್ತದೆ: ಬೇಗ ಏಳುತ್ತದೆ, ವೇಗ ಜಾಸ್ತಿ, ಎಳೆತ ಕಡಿಮೆ, ತಿರುವು ದೊಡ್ಡದು. ಬಾಲದ ಕಡೆಗೆ ಸರಿಸಿದರೆ ಪಟ ಹಿಂದಕ್ಕೆ ಒರಗುತ್ತದೆ: ಎಳೆತ ಜಾಸ್ತಿ, ಚಿಕ್ಕ ತಿರುವು, ಏಳಲು ಹೆಚ್ಚು ಗಾಳಿ ಬೇಕು. ಹಾಗಾದರೆ ಲಕ್ಷಣ ಓದುವುದು ಹೀಗೆ. ಕೈ ಭಾರವಾಗಿದೆ ಆದರೆ ಪಟ ಮೇಲೆ ಹತ್ತುತ್ತಿಲ್ಲ, ಮಧ್ಯದಲ್ಲೇ ಒದ್ದಾಡುತ್ತಿದೆ ಅಂದರೆ ಗಂಟು ತೀರಾ ಕೆಳಗಿದೆ. ಸುಲಭವಾಗಿ ಏಳುತ್ತದೆ ಆದರೆ ಮೇಲೆ ಹೋದ ತಕ್ಷಣ ದಾರ ಸಡಿಲವಾಗಿ ಮುಂದಕ್ಕೆ ಮುಗ್ಗರಿಸುತ್ತದೆ ಅಂದರೆ ತೀರಾ ಮೇಲಿದೆ. ಒಂದು ಸಲಕ್ಕೆ 5 ಮಿಲಿಮೀಟರ್, ಎರಡೂ ಕಡೆ ಸಮ, ಹಾರಿಸಿ ನೋಡಿ ಮುಂದಿನ 5. ಜನವರಿಯ ಮೆಲುಗಾಳಿಗೆ ನನ್ನದು ಆಷಾಢದ ಗುರುತಿಗಿಂತ ಒಂದು ಬೆರಳಗಲ ಮೇಲಿರುತ್ತದೆ.

ನಾಲ್ಕು ದಾರ

1980ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಹ್ಯಾಡ್ಜಿಕಿ ಸಹೋದರರು ತಂದ ರೆವಲ್ಯೂಷನ್ ಮಾದರಿಯ ಪಟಕ್ಕೆ ನಾಲ್ಕು ದಾರ. ಹಿಂದಕ್ಕೂ ಹಾರುತ್ತದೆ, ಗಾಳಿಯಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಕೈಯಲ್ಲಿ ಪಟ್ಟಿಯ ಬದಲು ಉದ್ದ ಹಿಡಿಕೆ, ಮೇಲಿನ ತುದಿಗೆ ಒಂದು ದಾರ, ಕೆಳಗಿನ ತುದಿಗೆ ಒಂದು. ಹೆಬ್ಬೆರಳ ಕಡೆಯ ತುದಿಯನ್ನು ಮೈಕಡೆ ಬಾಗಿಸಿದರೆ ಮುಂದೆ, ಕಿರುಬೆರಳ ಕಡೆಯದನ್ನು ಎಳೆದರೆ ಬ್ರೇಕ್, ಇನ್ನೂ ಎಳೆದರೆ ಹಿಂದೆ. ಎರಡು ದಾರದಿಂದ ಬಂದವರು ಇಡೀ ಕೈ ಎಳೆಯುತ್ತಾರೆ, ಪಟ ಗಿರ್ರನೆ ಸುತ್ತಿ ಬೀಳುತ್ತದೆ. ಇಲ್ಲಿ ಕೆಲಸ ಮಣಿಕಟ್ಟಿನದು.

ದಾರ ಸಮ ಮಾಡುವಾಗ ನಾಲ್ಕನ್ನೂ ಒಟ್ಟಿಗೆ ಅಳೆಯುವುದಕ್ಕಿಂತ ಮೇಲಿನ ಜೋಡಿ ತಮ್ಮೊಳಗೆ ಸಮ, ಕೆಳಗಿನ ಜೋಡಿ ತಮ್ಮೊಳಗೆ ಸಮ ಅಂತ ನೋಡಿ. ಇವೆರಡು ಜೋಡಿಗಳ ನಡುವಿನ ವ್ಯತ್ಯಾಸ ದೋಷವಲ್ಲ, ಅದೇ ಹೊಂದಾಣಿಕೆ. ಹಿಡಿಕೆಯಿಂದ ಹೊರಡುವ ತುಂಡುದಾರದಲ್ಲಿ ಒಂದೊಂದು ಬೆರಳಗಲಕ್ಕೆ ಗಂಟು ಹಾಕಿಟ್ಟುಕೊಂಡರೆ ಮೈದಾನದಲ್ಲೇ ಬದಲಾಯಿಸಬಹುದು. ಪಟ ನೆಲ ಬಿಟ್ಟು ಏಳದೆ ಅಲ್ಲೇ ನಡುಗುತ್ತಾ ಕೂತರೆ ಬ್ರೇಕ್ ಜಾಸ್ತಿ, ಕೆಳಗಿನ ದಾರವನ್ನು ಹಿಡಿಕೆಯಿಂದ ದೂರದ ಗಂಟಿಗೆ ಹಾಕಿ. ಚೆನ್ನಾಗಿ ಏಳುತ್ತದೆ ಆದರೆ ಹಿಂದಕ್ಕೆ ಬರು ಅಂದರೆ ತೊನೆದಾಡುತ್ತದೆ ಅಂದರೆ ಹತ್ತಿರದ ಗಂಟಿಗೆ. ನನ್ನದು ಈಗ ಹಿಡಿಕೆಯಿಂದ ಮೂರನೆಯ ಗಂಟಿನಲ್ಲಿದೆ. ಹಿನ್ನೀರಿನ ಗಾಳಿಗೆ ಅದು ಸರಿ, ಊರೊಳಗಿನ ಮೈದಾನಕ್ಕೆ ಬಂದರೆ ನಾಲ್ಕನೆಯದು.